ಗೆರೆ ಇಲ್ಲದ ನಟ್ಟು

ಒಂದು ನಟ್ಟಿನ ಮೇಲೆ ಹಳದಿ ಗೆರೆ ಇದೆಯೋ ಇಲ್ಲವೋ ಎಂಬುದು ಇಡೀ ಕುಟುಂಬದ ಹಣೆಬರಹಕ್ಕೆ ಸಂಬಂಧಿಸಿದ ಗಹನ ವಿಷಯ. ಇದು ಮೆಕ್ಯಾನಿಕ್‌ಗೆ ಹೊಳೆದದ್ದು, ಅವನೇ ಉದ್ದದ ಶಾಕ್ ಅಬ್ಸಾರ್ಬರು ಹಾಕಿ ಎತ್ತರಿಸಿ ಕೊಟ್ಟಿದ್ದ ಪಿಕಪ್ ಟ್ರಕ್ಕು ಅಕ್ಕ-ಭಾವನ ಸಮೇತ ಮಣ್ಣುದಿಬ್ಬದಿಂದ ಹಾರಿ ಗಾಳಿಯಲ್ಲಿದ್ದಾಗ.

ಕೆಳಗೆ ನಿಂತಿದ್ದ ಅವನಿಗೆ ಗಾಡಿಯ ಹೊಟ್ಟೆಯೆಲ್ಲ ಕಂಡಿತು. ಸ್ಪ್ಯಾನರ್ ಹಾಕಿ ಬಿಗಿದ ನಟ್ಟಿಗೆ ಮಾತ್ರ ಹಳದಿ ಬಣ್ಣದ ಗೆರೆ ಎಳೆಯುವುದು ಅವನ ಪದ್ಧತಿ. ಶಾಕ್ ಅಬ್ಸಾರ್ಬರುಗಳ ಮೂರು ನಟ್ಟಿಗೆ ಗೆರೆಯಿತ್ತು. ಅಕ್ಕ ಕೂತ ಕಡೆಯ ನಾಲ್ಕನೆಯದು ಬೋಳಾಗಿತ್ತು. ಅದನ್ನು ಬೆರಳಲ್ಲೇ ತಿರುಗಿಸಿಟ್ಟು, ಉಳಿದದ್ದು ಬಂದು ಮಾಡಿದರಾಯಿತೆಂದು ಟೀ ಕುಡಿಯಲು ಹೋಗಿದ್ದು ಈಗ ನೆನಪಾಯಿತು.

ಟ್ರಕ್ಕು ಧೊಪ್ಪನೆ ಬಿದ್ದು, ಎರಡು ಸಲ ಕುಪ್ಪಳಿಸಿ ನಿಂತಿತು. ಏನೂ ಕಳಚಲಿಲ್ಲ. “ಭೇಷ್ ಕಣೋ! ನಿನ್ನ ಕೈಯಲ್ಲಿ ಇಷ್ಟು ಕೆಲಸ ಇದೆ ಅಂತ ನಾನು ಅಂದ್ಕೊಂಡೇ ಇರಲಿಲ್ಲ!” ಎಂದು ಭಾವ ಕಿಟಕಿಯಿಂದ ಕೂಗಿದ. ಅಕ್ಕನ ಮದುವೆಯಾದ ಒಂಬತ್ತು ವರ್ಷದಲ್ಲಿ ಭಾವನ ಬಾಯಿಂದ ಬಂದ ಮೊದಲ ಹೊಗಳಿಕೆ ಅದು. “ಇರು, ಇನ್ನೊಂದ್ಸಲ ಹಾರಿಸ್ತೀನಿ, ಇನ್ನೂ ಜೋರಾಗಿ!”

ನಿಜ ಹೇಳಿದರೆ ಹೊಗಳಿಕೆ ಹೋಗುತ್ತದೆ, ಹೇಳದಿದ್ದರೆ ಅಕ್ಕ ಹೋಗುತ್ತಾಳೆ. “ಭಾವ, ಒಂದ್ನಿಮಿಷ... ಮೊದಲು ಅಕ್ಕನ್ನ ಇಳಿಸಿ.”

“ಯಾಕೋ? ಭಾರ ಜಾಸ್ತಿ ಆಯ್ತಾ?”

ಬೇರೆ ಕಾರಣ ಹೊಳೆಯದೆ ಮೆಕ್ಯಾನಿಕ್ “ಹೂಂ” ಅಂದುಬಿಟ್ಟ.

ಅಕ್ಕ ಇಳಿದಳು. ಅಷ್ಟು ಎತ್ತರದಿಂದ ಬಿದ್ದರೂ ಜಗ್ಗದಿದ್ದ ನಟ್ಟು, ಅವಳು ಬಾಗಿಲು ಬಡಿದ ರಭಸಕ್ಕೆ ಕಳಚಿ ಕೆಳಗೆ ಬಿತ್ತು.