ಚುಕ್ಕಿ, ನಕ್ಷತ್ರ, ಕ್ಷ

"ತಲೆ ತುಂಬ ಕೂದಲು ಕಣೇ! ಬಾಚಣಿಗೆ ಇಟ್ಟರೆ ಅಲ್ಲೇ ಸಿಕ್ಕಿಕೊಳ್ಳಬೇಕು, ಹಾಗಿದೆ," ಎಂದರು ಚಿಕ್ಕಮ್ಮ ಬಟಾಣಿ ಸುಲಿಯುತ್ತಾ. ಇಸ್ತ್ರಿ ಮಾಡುತ್ತಿದ್ದ ಅಣ್ಣ "ಹೂಂ ಹೂಂ" ಎಂದ. ಮಾತು ಮುಗಿಯುವ ಮೊದಲೇ ಬಂದ ಆ ಹೂಂ ಪುಟ್ಟಿಯ ಕಿವಿಗೆ ಚುಚ್ಚಿತು.

ಪುಟ್ಟಿಗೆ ಎಳೆಯ ವಯಸ್ಸಿನಲ್ಲೇ ಜ್ವರ ಬಂದು ಕಣ್ಣು ಹೋಗಿತ್ತು. ಅಂದು ಮುಚ್ಚಿದ ರೆಪ್ಪೆ ಮತ್ತೆ ತೆರೆದಿರಲಿಲ್ಲ. ಗಂಡಿನ ಫೋಟೋ ಅವಳ ಫೋನಿನಲ್ಲಿತ್ತು. ಸಂಜೆಯೊಳಗೆ ಅವಳು ಒಪ್ಪಿಗೆಯೋ ಇಲ್ಲವೋ ಹೇಳಬೇಕಿತ್ತು. ಬೆಳಗಿನಿಂದ ಚಿಕ್ಕಮ್ಮ ಆ ಫೋಟೋವನ್ನು ಬಣ್ಣಿಸುತ್ತಲೇ ಇದ್ದರು. ಒಂದು ಸಲ ಆತ ನಗುತ್ತಿದ್ದ, ಇನ್ನೊಂದು ಸಲ ಗಂಭೀರವಾಗಿದ್ದ. ಕೂದಲು ಮಾತ್ರ ಸಲಸಲಕ್ಕೂ ಬೆಳೆಯುತ್ತಿತ್ತು. ಅಜ್ಜಿಯ ಕಥೆಗಳ ರಾಜಕುಮಾರರಿಗೂ ಇಷ್ಟು ಕೂದಲಿರಲಿಲ್ಲವಲ್ಲ ಎಂದುಕೊಂಡಳು ಪುಟ್ಟಿ.

ಆಗಲೇ ಅವಳಿಗೆ ಕಚೇರಿಯ ಗೆಳತಿಯರ ಹುಚ್ಚಾಟ ನೆನಪಾಯಿತು. ಯಾರದಾದರೂ ಹುಟ್ಟುಹಬ್ಬ ಬಂದರೆ ಅವರ ಫೋಟೋವನ್ನು ಒಂದು ಆ್ಯಪ್‌ಗೆ ಹಾಕಿ ಅಕ್ಷರಗಳಾಗಿ ಮಾಡಿ ಹಂಚುತ್ತಿದ್ದರು. ಕಪ್ಪಿದ್ದ ಕಡೆ ದಪ್ಪ ಅಕ್ಷರ, ಬೆಳಕಿದ್ದ ಕಡೆ ಚುಕ್ಕಿ. ದೂರದಿಂದ ನೋಡಿದರೆ ಮುಖವಂತೆ. ಪರದೆಯ ಬರಹವನ್ನು ಓದಿ ಹೇಳುವ ಪುಟ್ಟಿಯ ಫೋನು ಮಾತ್ರ ಅದನ್ನು ಒಂದೊಂದೇ ಅಕ್ಷರವಾಗಿ ಓದಿ ಎಲ್ಲರನ್ನೂ ನಗಿಸುತ್ತಿತ್ತು. ಫೋಟೋ ಕಂಡರೆ ತುಟಿ ಬಿಗಿಯುವ ಫೋನು ಅಕ್ಷರ ಕಂಡರೆ ಬಿಡದೆ ಓದುತ್ತದೆ. ಜೊತೆಗೆ, ಅದಕ್ಕೆ ಅವಳ ಮದುವೆಯ ಅವಸರವೂ ಇರಲಿಲ್ಲ. ಬಿಳಿಗೆ ಚುಕ್ಕಿ, ಮೈಬಣ್ಣಕ್ಕೆ ನಕ್ಷತ್ರ, ಕಪ್ಪಿಗೆ ಕ್ಷ ಎಂದು ಗೊತ್ತುಮಾಡಿ, ಅದೇ ಆ್ಯಪ್‌ನಲ್ಲಿ ಗಂಡಿನ ಫೋಟೋವನ್ನು ಅಕ್ಷರವಾಗಿಸಿದಳು.

"ಅಣ್ಣಾ, ಫೋಟೋದಲ್ಲಿ ಹಿಂದೆ ಏನಿದೆ?"

"ಬಿಳಿ ಗೋಡೆ."

ಇದು ನಿಜವೇ ಇರಬೇಕು. ಗೋಡೆಯ ವಿಷಯದಲ್ಲಿ ಸುಳ್ಳು ಹೇಳಿ ಯಾರಿಗೇನು ಲಾಭ? ಅವಳು ಫೋನಿಗೆ ಬೆರಳು ಒತ್ತಿದಳು. "ಚುಕ್ಕಿ, ಚುಕ್ಕಿ, ಚುಕ್ಕಿ, ಚುಕ್ಕಿ..."

"ಇದೇನೇ, ನಿನ್ನ ಫೋನಿಗೆ ಬಿಕ್ಕಳಿಕೆಯಾ?"

"ಗೋಡೆ ಚಿಕ್ಕಮ್ಮ. ಇರಿ, ಇನ್ನೇನು ಕೂದಲು ಬರುತ್ತೆ."

ಸಾಲು ಸಾಲು ಗೋಡೆ ಮುಗಿಯಿತು. "ಚುಕ್ಕಿ, ನಕ್ಷತ್ರ, ನಕ್ಷತ್ರ, ಚುಕ್ಕಿ." ಸಾಲಿನಿಂದ ಸಾಲಿಗೆ ನಕ್ಷತ್ರಗಳು ಹರಡಿಕೊಂಡವು. ಒಂದೇ ಒಂದು ಕ್ಷ ಇಲ್ಲ. ಕೊನೆಗೂ ಕ್ಷ ಬಂದಾಗ ಎಡಕ್ಕೊಂದು ಪುಟ್ಟ ಗುಂಪು, ಬಲಕ್ಕೊಂದು, ನಡುವೆ ಮತ್ತೆ ನಕ್ಷತ್ರ.

"ಹುಬ್ಬು ಬಂತು," ಎಂದಳು ಪುಟ್ಟಿ. "ಕೂದಲೆಲ್ಲಿ ಚಿಕ್ಕಮ್ಮ? ಬಾಚಣಿಗೆ ಜೊತೆಗೇ ಹೋಯ್ತಾ?"

ಬಟಾಣಿ ಸುಲಿಯುವ ಸದ್ದು ನಿಂತಿತು. "ಮುಂದೆ ಸ್ವಲ್ಪ ಕಮ್ಮಿ... ಹಿಂದೆ ಇದೆ ಕಣೇ."

"ಹಿಂದೆ ಗೋಡೆ ಇದೆ ಅಂದನಲ್ಲ ಅಣ್ಣ!"

ಕೂದಲಿಲ್ಲ ಎಂದು ಅವಳಿಗೆ ಸಿಟ್ಟು ಬರಲಿಲ್ಲ. ಇದೆ ಅಂದರಲ್ಲ, ಅದಕ್ಕೆ ಮೈ ಉರಿಯಿತು. ಉರಿಯುತ್ತಿದ್ದಂತೆ ಇನ್ನೊಂದು ಅನುಮಾನ ತಲೆಯೆತ್ತಿತು. "ಅವರಿಗೆ ನನ್ನದು ಯಾವ ಫೋಟೋ ಕಳಿಸಿದ್ರಿ?"

"ಅದೆಲ್ಲ ಈಗ ಯಾಕೆ ಬಿಡೇ," ಎಂದ ಅಣ್ಣ.

"ಕೊಡು ಇಲ್ಲಿ."

ಅವನು ಕಳಿಸಿದ. ಅದನ್ನೂ ಅಕ್ಷರವಾಗಿಸಿದಳು. ಈ ಚಿತ್ರದಲ್ಲಿ ಕ್ಷಗಳಿಗೆ ಬರವಿರಲಿಲ್ಲ. ಅವಳ ಜಡೆ ದಪ್ಪನೆಯದೇ. ಹುಬ್ಬು ದಾಟಿತು. ಇನ್ನು ಮುಚ್ಚಿದ ರೆಪ್ಪೆ, ಬರೀ ನಕ್ಷತ್ರ ಬರಬೇಕು. ಫೋನು ಓದಿತು: "ನಕ್ಷತ್ರ, ಚುಕ್ಕಿ, ಕ್ಷ, ಚುಕ್ಕಿ, ನಕ್ಷತ್ರ." ಸ್ವಲ್ಪ ಮುಂದೆ ಹೋಗಿ ಮತ್ತೆ ಅದನ್ನೇ ಓದಿತು. ಬಿಳಿ, ಕಪ್ಪು, ಬಿಳಿ. ತೆರೆದ ಕಣ್ಣು. ಒಂದಲ್ಲ, ಎರಡು.

"ಯಾರ ಕಣ್ಣಿದು?"

"ನಂದೇ ಕಣೇ," ಚಿಕ್ಕಮ್ಮನ ದನಿ ಇಳಿದಿತ್ತು. "ಸ್ಟುಡಿಯೋದವನು ನನ್ನ ಹಳೇ ಫೋಟೋದಿಂದ ತೆಗೆದು ಕೂರಿಸಿಕೊಟ್ಟ. ಎಷ್ಟು ಚೆನ್ನಾಗಿ ಹೊಂದಿದೆ ಗೊತ್ತಾ!"

"ಮತ್ತೆ ಅವರಿಗೆ ಏನು ಹೇಳಿದ್ದೀರಿ?"

"ಕನ್ನಡಕ ಹಾಕ್ತಾಳೆ ಅಂತ," ಅಣ್ಣ ಗೊಣಗಿದ. "ಮನೆಗೆ ಬಂದಾಗ ನಿಧಾನಕ್ಕೆ ಹೇಳೋಣ ಅಂತಿದ್ವಿ."

"ಈ ಕಣ್ಣು ನಿಜವಾಗಲೂ ನನಗಿದ್ದಿದ್ರೆ ಒಳ್ಳೇದಿತ್ತು ಚಿಕ್ಕಮ್ಮ. ಅವರ ತಲೆ ತುಂಬ ಕೂದಲು ನನಗೂ ಕಾಣ್ತಿತ್ತು."

ಅವಳು ಆ ಸಾಲುಗಳಿಗೆ ಹಿಂತಿರುಗಿದಳು. ಒಂದೊಂದು ಚುಕ್ಕಿಯನ್ನೂ ಒಂದೊಂದು ಕ್ಷವನ್ನೂ ಅಳಿಸಿ ಅಲ್ಲಿ ನಕ್ಷತ್ರ ಒತ್ತಿದಳು. ಮಲಗಿದ ಮಗುವಿಗೆ ಹೊದಿಸುವಷ್ಟು ನಿಧಾನವಾಗಿ ತನ್ನ ಕಣ್ಣುಗಳನ್ನು ತಾನೇ ಮುಚ್ಚಿದಳು. ಕೆಳಗೆ ಬರೆದಳು: "ಇದು ನಾನು. ನನಗೆ ಕಣ್ಣು ಕಾಣುವುದಿಲ್ಲ. ನಿಮಗೆ ಬಂದ ಫೋಟೋದಲ್ಲಿರುವ ಕಣ್ಣು ಚಿಕ್ಕಮ್ಮನದು." ಗಂಡಿನ ಫೋಟೋ ಜೊತೆ ಬಂದಿದ್ದ ನಂಬರಿಗೆ ಕಳಿಸಿಬಿಟ್ಟಳು.

"ಅಯ್ಯೋ, ಕಳಿಸೇಬಿಟ್ಟಳಲ್ಲೋ!" ಚಿಕ್ಕಮ್ಮ ಹಣೆ ಚಚ್ಚಿಕೊಂಡರು. "ಮುಗೀತು. ಇನ್ನು ಯಾರು ತಿರುಗಿ ನೋಡ್ತಾರೆ?"

"ಅಣ್ಣಾ, ಅಂಗಿ ಸುಡ್ತಿದೆ," ಎಂದಳು ಪುಟ್ಟಿ. ಈ ಮನೆಯಿಂದ ಹೊರಟ ಸುಳ್ಳುಗಳ ನಡುವೆ ಆ ಮನುಷ್ಯ ತನ್ನ ಬೋಳುತಲೆಯನ್ನು ಇದ್ದ ಹಾಗೇ ಕಳಿಸಿದ್ದ. ಅಷ್ಟಕ್ಕೇ ಮನಸ್ಸು ಅವನ ಕಡೆ ವಾಲಿಬಿಟ್ಟಿತ್ತು. ಬೇಡ ಎಂದರೂ ಕೇಳಲಿಲ್ಲ.

ಫೋನು ಕಿಣಿಕಿಣಿಸಿತು. ಗೋಡೆಯನ್ನೂ ಹುಬ್ಬನ್ನೂ ಓದಿದ ಅದೇ ಸಪ್ಪೆ ದನಿಯಲ್ಲಿ ಓದಿತು: "ನನ್ನ ತಲೆಯಲ್ಲಿ ಕೂದಲಿಲ್ಲ ಅಂತ ನಿಮಗೆ ಹೇಳಿದ್ದಾರಾ?"

ಚಿಕ್ಕಮ್ಮ ಸುಲಿದಿಟ್ಟ ಬಟಾಣಿಯನ್ನೇ ಮತ್ತೆ ಸುಲಿಯಲು ಹೊರಟರು. ಪುಟ್ಟಿ ಉತ್ತರ ಒತ್ತಿದಳು. ಕಳಿಸುವ ಮೊದಲು ಫೋನು ಅದನ್ನೂ ಎಲ್ಲರಿಗೂ ಕೇಳುವಂತೆ ಓದಿ ಹೇಳಿತು:

"ಇಲ್ಲ. ನಾನೇ ನೋಡಿದೆ."