ಆಯಿಲ್ ಮುಚ್ಚಳ

ಸೈನ್ಯದವರು ಹರಾಜಿಗಿಟ್ಟ ಹಳೆಯ ಟ್ರಕ್ಕುಗಳಲ್ಲಿ ಗಟ್ಟಿ ಇಂಜಿನ್ ಇದ್ದದ್ದು ಒಂದಕ್ಕೇ. ಅದನ್ನು ಗುರುತಿಸಿದವಳು ಅವಳು. ಅದು ಕೈಗೆ ಬಂದರೆ ದುರಸ್ತಿ ಮಾಡಿ ಮಾರಿ, ಮುಚ್ಚುವ ಹಂತಕ್ಕೆ ಬಂದಿದ್ದ ಗ್ಯಾರೇಜನ್ನು ಅಪ್ಪ ಉಳಿಸಿಕೊಳ್ಳುತ್ತಿದ್ದ.

ಅಣ್ಣ ಅವಳಿಗೊಂದು ಡಬ್ಬಿ ಕೊಟ್ಟ. ಒಳಗೆ ನೀರು ಬೆರೆತು ಮಜ್ಜಿಗೆಯಂತೆ ಬೆಳ್ಳಗಾದ ಆಯಿಲ್ ಇತ್ತು.

"ಆಯಿಲ್ ಮುಚ್ಚಳದ ಒಳಗ ಸವರಿ ಬಾ. ಇಂಜಿನ್ನಿಗೆ ನೀರು ಹೊಕ್ಕೈತಿ ಅಂತ ಮಂದಿ ದೂರ ಸರೀತಾರ. ಹರಾಜಿನ್ಯಾಗ ನಾ ಕೂಗ್ತೀನಿ."

"ಅಪ್ಪಗ ಹೇಳೂದು ಬ್ಯಾಡೇನು?"

"ಅವನ ಹೊಟ್ಯಾಗ ಮಾತು ನಿಲ್ಲಂಗಿಲ್ಲ. ಆಮ್ಯಾಲೆ ಹೇಳೂಣು."

ಅವಳು ಸವರಿ ಬಂದಳು. ಕೊಳ್ಳಲು ಬಂದವರು ಮುಚ್ಚಳ ತಿರುಗಿಸಿ ನೋಡಿ, ಮುಂದಿನ ಗಾಡಿಗೆ ಹೋದರು. ಅಪ್ಪನೂ ನೋಡಿದ.

"ಇದು ಚಲೋ ಐತಿ ಅಂದಿದ್ದಿಯಲ್ಲ, ಮಗಳ?"

ಅಣ್ಣ ಕಣ್ಸನ್ನೆ ಮಾಡಿದ.

"ನಾ ಸರಿಯಾಗಿ ನೋಡಿರಲಿಲ್ಲಪ್ಪ," ಎಂದು ಅವಳು ತಲೆ ತಗ್ಗಿಸಿದಳು.

ಹರಾಜಿನಲ್ಲಿ ಆ ಟ್ರಕ್ಕಿನ ಸರದಿ ಬಂದಾಗ ಅಪ್ಪ ಸುಮ್ಮನೆ ಕುಳಿತಿದ್ದ. ಅವಳು ಅಣ್ಣನನ್ನೇ ನೋಡುತ್ತಿದ್ದಳು. ಅಣ್ಣ ಬಾಯಿ ತೆರೆಯಲಿಲ್ಲ; ಹಿಂದಿನ ಸಾಲಿಗೆ ತಿರುಗಿ ತಲೆಯಾಡಿಸಿದ. ಅಲ್ಲಿ ಕುಳಿತಿದ್ದವನು ಅವನಿಗೆ ಹೆಣ್ಣು ಕೊಟ್ಟ ಮಾವ, ಅಳಿಯನಿಗೆ ಬೇರೆ ಗ್ಯಾರೇಜು ಹಾಕಿಕೊಡುತ್ತೇನೆ ಎನ್ನುತ್ತಿದ್ದವನು. ಅವನು ಒಂದೇ ಸಲ ಕೂಗಿದ. ಎದುರು ಕೂಗುವವರು ಯಾರೂ ಇರಲಿಲ್ಲ. ಟ್ರಕ್ಕು ಅವನದಾಯಿತು. ಅಣ್ಣ ಅವಳತ್ತ ತಿರುಗಿಯೂ ನೋಡಲಿಲ್ಲ.

ಅಪ್ಪ ಅವಳ ಬೆನ್ನು ತಟ್ಟಿ ಮೆಲ್ಲಗೆ ಹೇಳಿದ: "ನೀ ನನ್ನ ಉಳಿಸಿದಿ, ಮಗಳ. ಪಾಪ, ಬೀಗರು ಮೋಸ ಹೋದ್ರು."