ಹಿಮ್ಮಡಿಯ ನರ

“ನೋಡಿ ಸ್ವಾಮಿ, ಆಡ್ತೈತೆ!” ಬೋರಲು ಮಲಗಿದ್ದ ನಲ್ಲಪ್ಪ ಮಂಚದಾಚೆ ಇಳಿಬಿಟ್ಟ ಪಾದದ ಬೆರಳುಗಳನ್ನು ಕುಣಿಸಿದ. ಆಗಷ್ಟೇ ಪ್ಲಾಸ್ಟರ್ ಬಿಚ್ಚಿದ ಕಾಲು ಸೊರಗಿ, ಬೇರೆ ಯಾರದೋ ಕಾಲಿನಂತಿತ್ತು. “ಬೆರಳಾಡ್ಸೋಕೆ ಆ ನರ ಬೇಕಿಲ್ಲಪ್ಪ,” ಎಂದರು ಗೌರಿಬಿದನೂರಿನ ಡಾಕ್ಟರು. “ನೀನು ಸುಮ್ನೆ ಕಾಲು ಬಿಟ್ಟಿರು. ಮೀನಖಂಡ ನಾನು ಹಿಂಡ್ತೀನಿ. ನರ ಕೂಡಿದ್ರೆ ಪಾದ ತಾನಾಗೇ ಬಾಗುತ್ತೆ. ಇಲ್ಲಾಂದ್ರೆ ಇಲ್ಲ.”

ಆ ಕೊನೆಯ ಮಾತು ತಾಕಿದ್ದು ಗೋಡೆಗೆ ಒರಗಿ ನಿಂತಿದ್ದ ಅವನ ಹೆಂಡತಿ ಮುನಿಗಂಗಮ್ಮನಿಗೆ. ಬಾವಿಯ ಹತ್ತಿರ ಎತ್ತು ಕಟ್ಟಿ ನೀರೆತ್ತುವ ಕಪಿಲೆ ಹೊಡೆಯುವಾಗ ಗಂಡನ ಹಿಮ್ಮಡಿಯ ನರ ಪಟ್ಟೆಂದು ಕಿತ್ತುಹೋದ ದಿನ, ಬೆಂಗಳೂರಿಗೆ ಕರೆದೊಯ್ದು ಆಪರೇಷನ್ ಮಾಡಿಸಿ ಎಂದಿದ್ದರು ಇದೇ ಡಾಕ್ಟರು. ಕೊಯ್ಯೋದು ಬೇಡ, ಪ್ಲಾಸ್ಟರೇ ಹಾಕಿ ಎಂದು ಹಟ ಹಿಡಿದವಳು ಅವಳು. ಗಂಡ ಅದನ್ನು ಒಮ್ಮೆಯೂ ಎತ್ತಿ ಆಡಿರಲಿಲ್ಲ.

ಡಾಕ್ಟರು ಹಿಂಡಿದರು. ಪಾದ ಅಲುಗಲಿಲ್ಲ. “ಬಿಗಿ ಹಿಡ್ಕೊಂಡಿದ್ದೀಯಲ್ಲಯ್ಯಾ!” ಎಂದು ಅವರು ಗದರಿದಷ್ಟೂ ಕಾಲು ಸೆಟೆಯಿತು. ಮುನಿಗಂಗಮ್ಮ ಮಂಚದ ಬಳಿಗೆ ಹೋದಳು. ದಿನಾ ಸಂಜೆ ಅವನು ಎತ್ತಿನ ಬೆನ್ನು ತಟ್ಟುವ ಹಾಗೆಯೇ ಅವನ ಬೆನ್ನು ತಟ್ಟಿ, ಎತ್ತಿಗೆ ಅವನು ಹೇಳುವ ಮಾತನ್ನೇ ಹೇಳಿದಳು: “ಸಾಕು ಬಿಡಪ್ಪ, ನೊಗ ಇಳಿಸಿದ್ದಾಯ್ತು.”

ನಲ್ಲಪ್ಪನ ಮೈಯೆಲ್ಲ ಒಮ್ಮೆಗೇ ಸಡಿಲಾಯಿತು. ಡಾಕ್ಟರು ಮತ್ತೆ ಹಿಂಡಿದರು. ಮುನಿಗಂಗಮ್ಮ ಪಾದವನ್ನೇ ನೋಡುತ್ತಿದ್ದಳು. ಅವಳ ಕೈ ಅವನ ಬೆನ್ನ ಮೇಲೇ ನಿಂತಿತು.

“ನೀವಾಗಿ ಬಾಗ್ಸಿದ್ರಾ?” ಎಂದು ಕೇಳಿದಳು.

“ಇಲ್ಲ ಕಣೇ,” ಎಂದ ಅವನು ದಿಂಬಿನಿಂದ ಮುಖ ಎತ್ತದೆ, ಮತ್ತೆ ಬೈಸಿಕೊಳ್ಳುವ ಭಯದಲ್ಲಿ. “ನಾನೇನೂ ಮಾಡ್ಲಿಲ್ಲ!”